ವಿದೇಶದಲ್ಲಿ ನೆಲೆಸಲು ಹೊರಟಿದ್ದೀರಾ? ವಿಮಾನ ಹತ್ತುವ ಮುಂಚೆಯೇ ಮುಗಿಸಬೇಕಾದ ಕೆಲಸಗಳು

ಬೇರೆ ದೇಶಕ್ಕೆ ಹೋಗುವುದು ಗಟ್ಟಿಯಾದ ಕೂಡಲೇ ಹೆಚ್ಚಿನವರು ಸೂಟ್‌ಕೇಸ್ ಹುಡುಕಲು ಶುರು ಮಾಡುತ್ತಾರೆ. ಸೂಟ್‌ಕೇಸ್ ಕೊನೆಯ ವಾರದ ಕೆಲಸ. ಬಟ್ಟೆ, ಪಾತ್ರೆ, ಹಾಸಿಗೆ ಎಲ್ಲ ಕಡೆಯೂ ಸಿಗುತ್ತವೆ. ಆದರೆ ಜನನ ಪ್ರಮಾಣಪತ್ರದ ಮೇಲೆ ಬೀಳಬೇಕಾದ ಮುದ್ರೆ, ಓದಿದ ಕಾಲೇಜಿನ ಅಂಕಪಟ್ಟಿ, ಹಳೇ ನಂಬರಿಗೆ ಬರುವ ಓಟಿಪಿ, ವರ್ಷಗಟ್ಟಲೆ ನಿಮ್ಮನ್ನು ನೋಡಿದ ಡಾಕ್ಟರ ಪತ್ರ, ಇವೆಲ್ಲ ಬಿಟ್ಟು ಹೋಗುವ ದೇಶದಲ್ಲಿ ಮಾತ್ರ ಸಿಗುವಂಥವು. ಸಮುದ್ರ ದಾಟಿದ ಮೇಲೆ ಅವನ್ನು ತರಿಸಿಕೊಳ್ಳುವುದು ದೊಡ್ಡ ತಲೆನೋವು.

ಹಾಗಾಗಿ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಅಲ್ಲಿಗೆ ಹೋದ ಮೇಲೆ ಮಾಡಬಹುದಾ? ಆಗಲ್ಲ ಅನ್ನುವುದಾದರೆ ಅದು ಪಟ್ಟಿಯ ಮೇಲಕ್ಕೆ ಬರಬೇಕು. ಸಾಧ್ಯವಿದ್ದರೆ ಆರು ತಿಂಗಳು ಮುಂಚೆ ಶುರು ಮಾಡಿ. ಅಷ್ಟು ಸಮಯ ಇಲ್ಲದಿದ್ದರೂ ಕೆಲಸಗಳ ಕ್ರಮ ಇದೇ ಇರಲಿ.

1. ವೀಸಾ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ವೀಸಾ ಸಿಕ್ಕಿತು ಅನ್ನುವ ಖುಷಿಯಲ್ಲಿ ಅದರ ಷರತ್ತು ಓದುವುದನ್ನು ಬಿಡಬೇಡಿ. ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಈ ವೀಸಾ ಒಂದೇ ಕಂಪನಿಗೆ ಅಂಟಿಕೊಂಡಿದೆಯಾ? ಕೆಲಸ ಹೋದರೆ ಎಷ್ಟು ದಿನ ಉಳಿಯಬಹುದು? ಜೊತೆಗೆ ಬರುವ ಗಂಡ ಅಥವಾ ಹೆಂಡತಿ ಅಲ್ಲಿ ಕೆಲಸ ಮಾಡಬಹುದಾ?

ಉದಾಹರಣೆಗೆ, ಅಮೆರಿಕದ ಎಚ್-1ಬಿ ವೀಸಾದಲ್ಲಿ ಕೆಲಸ ಹೋದರೆ ಸಿಗುವ ಬಿಡುವು ಹೆಚ್ಚೆಂದರೆ 60 ದಿನ. ಆ ವೀಸಾದವರ ಸಂಗಾತಿಗೆ ಸಿಗುವ ಎಚ್-4ರಲ್ಲಿ ಕೆಲಸದ ಹಕ್ಕು ತಾನಾಗಿ ಬರುವುದಿಲ್ಲ. ಇದು ಮನೆಯ ಆದಾಯದ ಲೆಕ್ಕವನ್ನೇ ಬದಲಿಸುವ ವಿಷಯ, ಅಲ್ವಾ? ಹೋದ ಮೇಲೆ ತಿಳಿದರೆ ಒಬ್ಬರ ವೃತ್ತಿ ವರ್ಷಗಟ್ಟಲೆ ನಿಂತುಹೋಗುತ್ತದೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಕೂತು ಓದಿ, ಆಮೇಲೆ ಆಫರ್ ಲೆಟರ್‌ಗೆ ಸಹಿ ಹಾಕಿ.

ಆಫರ್ ಲೆಟರ್‌ನಲ್ಲೂ ನೋಡಬೇಕಾದ್ದು ಬರೀ ಸಂಬಳವಲ್ಲ. ಟಿಕೆಟ್, ಸಾಮಾನು ಸಾಗಣೆ, ಮೊದಲ ವಾರಗಳ ವಸತಿ, ಕುಟುಂಬದ ಆರೋಗ್ಯ ವಿಮೆ ಯಾರ ಖರ್ಚು? ಒಪ್ಪಂದ ಮುರಿದರೆ ವಾಪಸ್ ಕಳಿಸುವ ಖರ್ಚು ಯಾರದು? ಬೇಗ ಬಿಟ್ಟರೆ ಸಾಗಣೆಯ ದುಡ್ಡು ಹಿಂದಿರುಗಿಸಬೇಕಾ? ಬಾಯಿಮಾತಿನ ಭರವಸೆ ಸಾಲದು, ಎಲ್ಲವೂ ಬರಹದಲ್ಲಿ ಇರಲಿ.

2. ಪಾಸ್‌ಪೋರ್ಟ್, ಮತ್ತು ಎಲ್ಲ ಕಡೆ ಒಂದೇ ಹೆಸರು

ಪಾಸ್‌ಪೋರ್ಟ್ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು ಎಂದು ಬಹಳ ದೇಶಗಳು ಕೇಳುತ್ತವೆ. ನೆಲೆಸಲು ಹೋಗುವವರಿಗೆ ಅಷ್ಟು ಸಾಲದು. ಒಂದೆರಡು ವರ್ಷದಲ್ಲಿ ಮುಗಿಯುವ ಪಾಸ್‌ಪೋರ್ಟ್ ಇದ್ದರೆ ವೀಸಾ ಅರ್ಜಿ ಹಾಕುವ ಮುಂಚೆಯೇ ನವೀಕರಿಸಿಬಿಡಿ. ಎಷ್ಟೋ ಕಡೆ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ವಾಸದ ಅನುಮತಿಯನ್ನೂ ಮುಗಿಸಿಬಿಡುತ್ತಾರೆ. ಖಾಲಿ ಪುಟಗಳನ್ನೂ ಎಣಿಸಿಕೊಳ್ಳಿ.

ಇನ್ನು ಹೆಸರು. ಸುಮ್ನೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಪದವಿ ಪ್ರಮಾಣಪತ್ರದಲ್ಲಿ ಬರೀ ಒಂದಕ್ಷರ ಇದೆ, ಮದುವೆ ಪತ್ರದಲ್ಲಿ ಬೇರೆ ಕಾಗುಣಿತ ಇದೆ ಅಂದುಕೊಳ್ಳಿ. ನಿಮ್ಮ ಊರಿನ ಕಚೇರಿಯವರಿಗೆ ಮೂರೂ ನೀವೇ ಎಂದು ಗೊತ್ತು. ಅಲ್ಲಿಯ ಗುಮಾಸ್ತರಿಗೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು, 'ಗಿವನ್ ನೇಮ್' (ಮೊದಲ ಹೆಸರು) ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದ ಮೇಲೆ ಆ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದೇ ಮೂರಕ್ಷರ ಮುಂದೆ ಬ್ಯಾಂಕ್ ಖಾತೆಗೂ ಲೈಸೆನ್ಸ್‌ಗೂ ಹೋಗಿ ಕೂರಬಹುದು.

ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು, ಹುಟ್ಟಿದ ದಿನ, ತಂದೆತಾಯಿಯ ಹೆಸರು ಒಂದೊಂದನ್ನೇ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡಿ. ವ್ಯತ್ಯಾಸ ಇದ್ದರೆ ತಿದ್ದಿಸಿ. ತಿದ್ದಿಸಲು ಆಗದಿದ್ದರೆ ಆ ಹೆಸರುಗಳೆಲ್ಲ ಒಬ್ಬರದೇ ಎಂದು ಹೇಳುವ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಿಕೊಳ್ಳಿ.

3. ದಾಖಲೆಗೆ ಅಪೊಸ್ಟಿಲ್: ಇಡೀ ಪಟ್ಟಿಯಲ್ಲಿ ಅತಿ ನಿಧಾನದ ಕೆಲಸ

ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ನೇರವಾಗಿ ನಂಬುವುದಿಲ್ಲ. ಸಹಿ ನಿಜವೋ, ಮುದ್ರೆ ನಿಜವೋ ಎಂದು ಯಾರಾದರೂ ಖಾತ್ರಿ ಕೊಡಬೇಕು. ಇದಕ್ಕಾಗಿಯೇ 1961ರಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಒಂದು ಒಪ್ಪಂದ ಆಯಿತು. ಅದರ ಪ್ರಕಾರ ದಾಖಲೆ ಹುಟ್ಟಿದ ದೇಶದ ಅಧಿಕಾರಿ 'ಅಪೊಸ್ಟಿಲ್' ಎಂಬ ಒಂದು ಪ್ರಮಾಣಪತ್ರ ಲಗತ್ತಿಸಿದರೆ, ಒಪ್ಪಂದದ ಇತರ ದೇಶಗಳು ಬೇರೆ ಸಾಕ್ಷಿ ಕೇಳುವ ಹಾಗಿಲ್ಲ. ನೋಡಲು ಚೌಕಾಕಾರದ ಒಂದು ಚೀಟಿ. ಮೇಲೆ ಫ್ರೆಂಚ್‌ನಲ್ಲಿ ತಲೆಬರಹ, ಕೆಳಗೆ 1ರಿಂದ 10ರವರೆಗೆ ಸಂಖ್ಯೆ ಹಾಕಿದ ಸಾಲುಗಳು: ಯಾವ ದೇಶ, ಸಹಿ ಯಾರದು, ಯಾವ ಹುದ್ದೆ, ಯಾವ ಮುದ್ರೆ, ಎಲ್ಲಿ, ಎಂದು, ಹೀಗೆ. ಅಪೊಸ್ಟಿಲ್ ಖಾತ್ರಿ ಕೊಡುವುದು ಸಹಿಗೆ ಮತ್ತು ಮುದ್ರೆಗೆ ಮಾತ್ರ, ಒಳಗೆ ಬರೆದಿರುವ ವಿಷಯಕ್ಕಲ್ಲ.

ಈಗ 120ಕ್ಕೂ ಹೆಚ್ಚು ದೇಶಗಳು ಈ ಒಪ್ಪಂದದಲ್ಲಿವೆ. ಚೀನಾದಲ್ಲಿ ಇದು 2023ರ ನವೆಂಬರ್‌ನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಜಾರಿಯಲ್ಲಿದೆ. ಹಾಗಾಗಿ ಕೆಲವು ವರ್ಷದ ಹಿಂದೆ ಹೋದ ಸ್ನೇಹಿತರು ಹೇಳಿದ ವಿಧಾನ ನಿಮಗೆ ಹೊಂದದೇ ಇರಬಹುದು. ಹೋಗುವ ದೇಶ ಒಪ್ಪಂದದಲ್ಲಿ ಇಲ್ಲದಿದ್ದರೆ ದಾರಿ ಉದ್ದ: ಮೊದಲು ನಿಮ್ಮ ದೇಶದ ಅಧಿಕಾರಿಗಳ ದೃಢೀಕರಣ, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ. ಇನ್ನೊಂದು ತೊಡಕು ಇದೆ. ಎರಡೂ ದೇಶ ಒಪ್ಪಂದದಲ್ಲಿದ್ದರೂ ಒಂದು ಇನ್ನೊಂದರ ಬಗ್ಗೆ ಆಕ್ಷೇಪ ಸಲ್ಲಿಸಿದ್ದರೆ ಅವುಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಈ ಒಪ್ಪಂದವನ್ನು ನೋಡಿಕೊಳ್ಳುವ ಸಂಸ್ಥೆಯಾದ ಹೇಗ್ ಸಮ್ಮೇಳನದ ವೆಬ್‌ಸೈಟ್‌ನಲ್ಲಿ ದೇಶವಾರು ಪಟ್ಟಿ ಇದೆ, ಅಲ್ಲೇ ನೋಡಿ.

ಯಾವ ದಾಖಲೆಗಳು? ಜನನ, ಮದುವೆ, ವಿಚ್ಛೇದನ ಆಗಿದ್ದರೆ ಅದರ ಆದೇಶ, ಮಕ್ಕಳ ದತ್ತು ಅಥವಾ ಪಾಲನೆಯ ಆದೇಶ, ಪದವಿ ಮತ್ತು ಅಂಕಪಟ್ಟಿ, ಅಪರಾಧದ ದಾಖಲೆ ಇಲ್ಲ ಎನ್ನುವ ಪೊಲೀಸ್ ಪ್ರಮಾಣಪತ್ರ. ಈಗ ಕೇಳಿಲ್ಲ ಅಂತ ಮದುವೆ ಪತ್ರವನ್ನು ಬಿಟ್ಟು ಹೋಗಬೇಡಿ. ಎರಡು ವರ್ಷದ ನಂತರ ಅಲ್ಲೇ ಮಗು ಹುಟ್ಟಿದಾಗ ಅದು ಬೇಕೇ ಬೇಕು.

ಕ್ರಮ ತಪ್ಪಿದರೆ ದುಡ್ಡು ಎರಡು ಸಲ ಖರ್ಚಾಗುತ್ತದೆ. ಸಾಮಾನ್ಯವಾಗಿ ಮೊದಲು ಅಪೊಸ್ಟಿಲ್, ಆಮೇಲೆ ಅನುವಾದ. ಯಾಕೆಂದರೆ ಅಪೊಸ್ಟಿಲ್ ಚೀಟಿಯೂ ಅನುವಾದ ಆಗಬೇಕು ಎಂದು ಹಲವರು ಕೇಳುತ್ತಾರೆ. ಯಾವ ಅನುವಾದಕರನ್ನು ಒಪ್ಪುತ್ತಾರೆ ಎಂದು ಹೋಗುವ ದೇಶದ ಕಾನ್ಸುಲೇಟ್‌ಗೆ ಬರೆದು ಕೇಳಿ. ಕೆಲವು ದೇಶಗಳಿಗೆ ತಮ್ಮಲ್ಲಿ ಪ್ರಮಾಣ ಮಾಡಿದ ಅನುವಾದಕರೇ ಆಗಬೇಕು.

ಪೊಲೀಸ್ ಪ್ರಮಾಣಪತ್ರಕ್ಕೆ ಮಾತ್ರ ಆತುರ ಬೇಡ. ತಿಂಗಳುಗಟ್ಟಲೆ ಹಳೆಯದಾದರೆ ಅದನ್ನು ಒಪ್ಪುವುದಿಲ್ಲ. ಆದರೆ ಈ ಹಿಂದೆ ಬೇರೆ ದೇಶದಲ್ಲಿ ಇದ್ದಿದ್ದರೆ ಅಲ್ಲಿಂದಲೂ ತರಿಸಬೇಕಾಗಬಹುದು. ಕಳೆದ 10 ವರ್ಷದಲ್ಲಿ ಒಟ್ಟು 12 ತಿಂಗಳು ಇದ್ದ ಪ್ರತಿ ದೇಶದ ಪ್ರಮಾಣಪತ್ರವನ್ನು ಆಸ್ಟ್ರೇಲಿಯಾ ಕೇಳುತ್ತದೆ. ಆ ಅರ್ಜಿಗಳನ್ನು ಲೆಕ್ಕ ಹಾಕಿ ಮುಂಚೆಯೇ ಕಳಿಸಿ.

4. ಹಳೇ ಫೋನ್ ನಂಬರ್ ಕೈ ತಪ್ಪದಿರಲಿ

ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಬ್ಯಾಂಕ್, ಇಮೇಲ್, ತೆರಿಗೆ ಇಲಾಖೆ, ವಿಮೆ ಎಲ್ಲವೂ ಒಂದೇ ನಂಬರಿಗೆ ಓಟಿಪಿ ಕಳಿಸುತ್ತವೆ. ಆ ಸಿಮ್ ಕೆಲವು ತಿಂಗಳು ರೀಚಾರ್ಜ್ ಇಲ್ಲದೆ ಇದ್ದರೆ ಕಂಪನಿ ಅದನ್ನು ನಿಲ್ಲಿಸಿ, ನಂಬರನ್ನು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಖಾತೆಯ ಓಟಿಪಿ ಗುರುತೇ ಇಲ್ಲದವರ ಫೋನಿಗೆ ಹೋಗುತ್ತದೆ.

ಹೊರಡುವ ಒಂದು ತಿಂಗಳು ಮುಂಚೆ ಹೀಗೆ ಮಾಡಿ. ನಂಬರನ್ನು ಜೀವಂತ ಇಡಲು ಕನಿಷ್ಠ ಎಷ್ಟರ ಪ್ಲಾನ್ ಬೇಕು, ರೋಮಿಂಗ್‌ನಲ್ಲಿ ಎಸ್ಎಂಎಸ್ ಬರುತ್ತದಾ ಎಂದು ಕಂಪನಿಯಲ್ಲಿ ಕೇಳಿ. ಸಾಧ್ಯವಿರುವ ಖಾತೆಗಳನ್ನೆಲ್ಲ ಎಸ್ಎಂಎಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿ. ಪ್ರತಿ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಕೈಚೀಲದಲ್ಲಿ ಇಟ್ಟುಕೊಳ್ಳಿ. ಫೋನೇ ಕಳೆದರೆ ಫೋನಿನೊಳಗಿನ ಕೋಡ್ ಪ್ರಯೋಜನಕ್ಕೆ ಬರುವುದಿಲ್ಲ. ಎರಡು ಸಿಮ್ ಹಾಕುವ ಫೋನ್ ಅಥವಾ ಈಸಿಮ್ ಇದ್ದರೆ ಹಳೆಯದೂ ಹೊಸದೂ ಒಂದೇ ಫೋನಿನಲ್ಲಿ ಇರುತ್ತವೆ. ಹೊರಡುವ ಮುಂಚೆ ಫೋನ್ ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

5. ಔಷಧ, ಲಸಿಕೆ, ವಿಮೆ

ನಿಮ್ಮ ದೇಶದಲ್ಲಿ ಮಾಮೂಲಿ ಮಾತ್ರೆ ಇನ್ನೊಂದು ಕಡೆ ನಿಷಿದ್ಧ ವಸ್ತು ಆಗಿರಬಹುದು. ಜಪಾನ್ ಇದಕ್ಕೆ ಒಳ್ಳೇ ಉದಾಹರಣೆ. ನೆಗಡಿಗೆ ಬಳಸುವ ಸ್ಯೂಡೋಎಫೆಡ್ರಿನ್ 10 ಶೇಕಡಕ್ಕಿಂತ ಜಾಸ್ತಿ ಇರುವ ಔಷಧವನ್ನು ಅಲ್ಲಿಗೆ ಒಯ್ಯುವಂತಿಲ್ಲ. ಗಮನದ ಸಮಸ್ಯೆಗೆ ಕೆಲವು ದೇಶಗಳಲ್ಲಿ ಬರೆದುಕೊಡುವ ಆಂಫೆಟಮಿನ್ ಔಷಧಗಳಿಗಂತೂ ಪೂರ್ತಿ ನಿಷೇಧ, ಡಾಕ್ಟರ ಚೀಟಿ ಇದ್ದರೂ ನಡೆಯುವುದಿಲ್ಲ. ಚೀಟಿಯ ಮೇಲೆ ಕೊಡುವ ಇತರ ಔಷಧಗಳೂ ಒಂದು ತಿಂಗಳ ಅಳತೆ ಮೀರಿದರೆ ಮೊದಲೇ ಒಪ್ಪಿಗೆ ಪಡೆಯಬೇಕು. ಕೊಡೀನ್, ಟ್ರಮಡಾಲ್ ಥರದ ನೋವಿನ ಔಷಧ, ನಿದ್ದೆ ಮಾತ್ರೆ, ಆತಂಕ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಯಾವ ದೇಶಕ್ಕೆ ಹೋದರೂ, ದಾರಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ ಸೇರಿಸಿ, ನೋಡಲೇಬೇಕು.

ಡಾಕ್ಟರ ಹತ್ತಿರ ಪತ್ರ ಬರೆಸುವಾಗ ಬ್ರ್ಯಾಂಡ್ ಹೆಸರು ಸಾಲದು, ಔಷಧದ ಮೂಲ ಹೆಸರು, ಪ್ರಮಾಣ, ಯಾವ ಕಾಯಿಲೆಗೆ ಎಂಬುದು ಇರಲಿ. ಮೂಲ ಹೆಸರೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹೆಚ್ಚಿನ ಕಡೆ ಪ್ಯಾರಾಸಿಟಮಾಲ್ ಅನ್ನುವುದನ್ನು ಅಮೆರಿಕದಲ್ಲಿ ಅಸಿಟಾಮಿನೋಫೆನ್ ಅನ್ನುತ್ತಾರೆ. ಆಸ್ತಮಾದ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಔಷಧ ಅದರದೇ ಡಬ್ಬದಲ್ಲಿ, ಕೈಚೀಲದಲ್ಲಿ ಇರಲಿ.

ಲಸಿಕೆಯ ಪೂರ್ತಿ ದಾಖಲೆ ತೆಗೆದುಕೊಳ್ಳಿ, ಮಕ್ಕಳದ್ದಂತೂ ಬಿಡಬೇಡಿ. ಶಾಲೆಯವರು ಕೇಳುತ್ತಾರೆ, ದಾಖಲೆ ಇಲ್ಲದಿದ್ದರೆ ಮತ್ತೆ ಚುಚ್ಚಿಸಬೇಕಾಗುತ್ತದೆ. ಹಳದಿ ಜ್ವರದ ಪ್ರಮಾಣಪತ್ರ ಕೇಳುವ ದೇಶಕ್ಕೆ ಹೋಗುವುದಾದರೆ ನೆನಪಿರಲಿ, ಮೊದಲ ಸಲ ಲಸಿಕೆ ಹಾಕಿಸಿದ 10 ದಿನದ ನಂತರವೇ ಅದು ಚಾಲ್ತಿಗೆ ಬರುತ್ತದೆ. ಒಮ್ಮೆ ಚಾಲ್ತಿಗೆ ಬಂದರೆ ಜೀವನಪೂರ್ತಿ ನಡೆಯುತ್ತದೆ. 2016ರ ಜುಲೈನಿಂದ ಈ ನಿಯಮ ಇದೆ.

ಹಲ್ಲು, ಕಣ್ಣಿನ ತಪಾಸಣೆ ಮುಗಿಸಿಕೊಂಡೇ ಹೋಗಿ. ಕನ್ನಡಕದ ಪವರ್ ಬರೆಸಿಕೊಳ್ಳಿ. ವಿಮೆಯಲ್ಲಿ ಒಂದೇ ಮಾತು: ಅಲ್ಲಿಯ ವಿಮೆ ಶುರುವಾಗುವ ದಿನಕ್ಕೂ ನೀವು ಇಳಿಯುವ ದಿನಕ್ಕೂ ನಡುವೆ ಸಂದು ಉಳಿಯಬಾರದು. ಆ ಕೆಲವು ವಾರಗಳಿಗೆ ಬೇರೆ ಪ್ರಯಾಣ ವಿಮೆ ಕೊಳ್ಳಿ. ಮೊದಲೇ ಇರುವ ಕಾಯಿಲೆ ಅದರಲ್ಲಿ ಸೇರಿದೆಯಾ ಎಂದು ಓದಿ ನೋಡಿ.

6. ದುಡ್ಡು ಮತ್ತು ತೆರಿಗೆ

ವರ್ಷದಲ್ಲಿ 183 ದಿನ ಇದ್ದರೆ ಆ ದೇಶದ ತೆರಿಗೆ ನಿವಾಸಿ ಎಂಬುದು ಹಲವು ಕಡೆ ಇರುವ ನಿಯಮ. ಆದರೆ ಅಷ್ಟೇ ನಂಬಿ ಕೂರಬೇಡಿ. ಮನೆ, ಕುಟುಂಬ, ಆದಾಯದ ಮೂಲ ಎಲ್ಲಿದೆ ಎಂಬುದನ್ನೂ ನೋಡುವ ದೇಶಗಳಿವೆ. ಅಮೆರಿಕ ತನ್ನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಅವರು ಜಗತ್ತಿನ ಎಲ್ಲೇ ದುಡಿದರೂ ತೆರಿಗೆ ಲೆಕ್ಕ ಕೇಳುತ್ತದೆ. ಎರಡು ದೇಶದ ನಡುವೆ ಎರಡು ಸಲ ತೆರಿಗೆ ತಪ್ಪಿಸುವ ಒಪ್ಪಂದ ಇದೆಯಾ, ಪಿಂಚಣಿ ಕಂತಿಗೆ ಸಂಬಂಧಿಸಿದ ಒಪ್ಪಂದ ಇದೆಯಾ ಎಂದು ಎರಡೂ ಕಡೆ ಗೊತ್ತಿರುವ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿ. ಈ ಒಂದು ಭೇಟಿಯ ಖರ್ಚಿಗೆ ಹಿಂಜರಿಯಬೇಡಿ. ಹೊರಡುವ ದಿನಾಂಕವನ್ನು ಕೆಲವು ವಾರ ಹಿಂದೆ ಮುಂದೆ ಮಾಡುವುದರಿಂದಲೇ ತೆರಿಗೆ ಬದಲಾಗಬಹುದು, ಆದರೆ ಅದು ಟಿಕೆಟ್ ಕೊಂಡ ಮೇಲೆ ತಿಳಿದು ಉಪಯೋಗವಿಲ್ಲ.

ನಿಮ್ಮ ಬ್ಯಾಂಕಿಗೆ ವಾಸ ಬದಲಾಗುವ ವಿಷಯ ತಿಳಿಸಿ. ಮೊದಲ ಸಂಬಳ ಬರುವವರೆಗೂ, ಅದಕ್ಕೂ ಮೇಲೆ ಒಂದೆರಡು ತಿಂಗಳಿಗೂ ಆಗುವಷ್ಟು ಹಣ ಕೈಗೆ ಸಿಗುವ ಹಾಗಿರಲಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಬೇಕು, ಒಂದು ಲಾಕ್ ಆದರೆ ಇನ್ನೊಂದು. ಹಣ ವರ್ಗಾಯಿಸುವಾಗ ಶುಲ್ಕ ಸೊನ್ನೆ ಎಂಬ ಜಾಹೀರಾತು ನೋಡಿ ನಿರ್ಧರಿಸಬೇಡಿ. ಅಲ್ಲಿ ಕೊನೆಗೆ ಎಷ್ಟು ಕೈ ಸೇರುತ್ತದೆ ಎಂದು ಹೋಲಿಸಿ, ಏಕೆಂದರೆ ವಿನಿಮಯ ದರದಲ್ಲೇ ಲಾಭ ಸೇರಿಸಿರುತ್ತಾರೆ. ನಗದು ಒಯ್ಯುವುದಾದರೆ ಅಮೆರಿಕದಲ್ಲಿ 10,000 ಡಾಲರ್ ಮೀರಿದರೆ, ಐರೋಪ್ಯ ಒಕ್ಕೂಟದಲ್ಲಿ 10,000 ಯೂರೋ ಮುಟ್ಟಿದರೆ ಕಸ್ಟಮ್ಸ್‌ಗೆ ಘೋಷಿಸಬೇಕು.

7. ನಿಮ್ಮ ಪರವಾಗಿ ಸಹಿ ಮಾಡುವವರು ಯಾರು?

ಆಸ್ತಿ, ಬಾಡಿಗೆ, ಬ್ಯಾಂಕ್, ವಯಸ್ಸಾದ ತಂದೆತಾಯಿಯ ಆಸ್ಪತ್ರೆ, ಇವುಗಳಿಗೆಲ್ಲ ಹಿಂದೆ ಉಳಿಯುವ ಒಬ್ಬರು ಬೇಕು. ನಂಬಿಕೆಯವರ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಡಿ. ಆದರೆ ಎಲ್ಲವನ್ನೂ ಒಪ್ಪಿಸುವ ಸಾಮಾನ್ಯ ಅಧಿಕಾರಪತ್ರದ ಬದಲು ಇಂಥ ಕೆಲಸಕ್ಕೆ, ಇಷ್ಟು ಅವಧಿಗೆ ಎಂದು ಬರೆದಿರುವುದೇ ಇಬ್ಬರಿಗೂ ಕ್ಷೇಮ. ಹೋದ ಮೇಲೆ ಮಾಡಿಸುವುದಾದರೆ ಕಾನ್ಸುಲೇಟ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಕು. ಉಯಿಲು ಇದ್ದರೆ ವಕೀಲರಿಗೆ ತೋರಿಸಿ, ಇಲ್ಲದಿದ್ದರೆ ಬರೆಸಿ. ಕೆಲವು ದೇಶಗಳಲ್ಲಿ ಆಸ್ತಿ ಹಂಚಿಕೆಗೆ ನೀವು ವಾಸ ಇದ್ದ ಜಾಗದ ಕಾನೂನು ಅನ್ವಯ ಆಗುತ್ತದೆ.

ತಂದೆತಾಯಿಯ ಜೊತೆ ಈ ವಿಷಯ ಮಾತಾಡುವುದು ಕಷ್ಟ. ಆದರೂ ಮಾತಾಡಿ. ರಾತ್ರಿ ಎದೆನೋವು ಬಂದರೆ ಮೊದಲು ಯಾರನ್ನು ಕರೆಯಬೇಕು, ವಿಮೆ ಕಾರ್ಡ್ ಎಲ್ಲಿದೆ, ಯಾವ ಆಸ್ಪತ್ರೆ, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿ. ತುರ್ತಾಗಿ ಬರಬೇಕಾದಾಗ ಒಂದು ಟಿಕೆಟ್‌ಗೆ ಆಗುವ ಹಣವನ್ನು ಬೇರೆಯೇ ತೆಗೆದಿಡಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

8. ಸಾಮಾನು, ಗಾಡಿ, ಸಾಕುಪ್ರಾಣಿ

ಸಾಮಾನಿನ ಬಗ್ಗೆ ನನ್ನ ಸಲಹೆ ನೇರ: ಕಡಿಮೆ ಒಯ್ಯಿರಿ. 20 ಅಡಿ ಕಂಟೇನರ್‌ನಲ್ಲಿ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ, ಹೆಚ್ಚಿನವರಿಗೆ ಅಷ್ಟು ಬೇಡ. ಇತರರ ಸಾಮಾನಿನ ಜೊತೆ ಸೇರಿಸಿ ಕಳಿಸುವುದು ಅಗ್ಗ, ಆದರೆ ನಿಧಾನ. ಬಳಸಿದ ಮನೆಸಾಮಾನಿಗೆ ಸುಂಕ ವಿನಾಯಿತಿ ಇರುತ್ತದೆ, ಷರತ್ತಿನ ಮೇಲೆ. ಐರೋಪ್ಯ ಒಕ್ಕೂಟದಲ್ಲಿ ಸಾಮಾನನ್ನು ಕನಿಷ್ಠ ಆರು ತಿಂಗಳು ಬಳಸಿರಬೇಕು, ತಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಕೆನಡಾದಲ್ಲಿ ನೆಲೆಸಲು ಇಳಿದ ದಿನವೇ, ಹಿಂದೆ ಬರುವ ಸಾಮಾನಿನ ಪಟ್ಟಿಯನ್ನೂ ಕೊಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಶೂ ತಳದ ಮಣ್ಣನ್ನೂ ತೊಳೆದುಕೊಂಡು ಹೋಗಿ. ಬೀಜ, ಮರದ ವಸ್ತು ಎಲ್ಲವನ್ನೂ ಘೋಷಿಸಿ.

ವಿದ್ಯುತ್ ಉಪಕರಣದ ಅಡಾಪ್ಟರ್ ತಿರುಗಿಸಿ ನೋಡಿ. '100-240 ವೋಲ್ಟ್' ಎಂದು ಬರೆದಿದ್ದರೆ ಪಿನ್ ಬದಲಿಸಿದರೆ ಸಾಕು. ಕೂದಲು ಒಣಗಿಸುವ ಯಂತ್ರ, ಮಿಕ್ಸಿ ಥರದವು ಒಂದೇ ವೋಲ್ಟೇಜ್‌ನವು. ಜಪಾನ್‌ನಲ್ಲಿ 100, ಅಮೆರಿಕದಲ್ಲಿ 120, ಯೂರೋಪ್‌ನಲ್ಲಿ 230. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅದರ ಸಾಮರ್ಥ್ಯ 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಕೊಡುವುದು ನಿಮಗೆ ಲೈಸೆನ್ಸ್ ಕೊಟ್ಟ ದೇಶ, ಆದ್ದರಿಂದ ಹೊರಡುವ ಮುಂಚೆಯೇ ಮಾಡಿಸಿ. ಅದು ಲೈಸೆನ್ಸ್‌ನ ಅನುವಾದ ಮಾತ್ರ, ಮೂಲ ಲೈಸೆನ್ಸ್ ಜೊತೆಯಲ್ಲಿ ಇರಲೇಬೇಕು. ಚೀನಾದಲ್ಲಿ ಅದು ನಡೆಯುವುದಿಲ್ಲ. ಅಪಘಾತದ ಕ್ಲೇಮ್ ಇಲ್ಲದ ವರ್ಷಗಳ ಬಗ್ಗೆ ಗಾಡಿ ವಿಮೆಯವರಿಂದ ಒಂದು ಪತ್ರ ತೆಗೆದುಕೊಳ್ಳಿ. ಅದನ್ನು ಒಪ್ಪುವ ಕಡೆ ಪ್ರೀಮಿಯಂ ಕಡಿಮೆ ಆಗುತ್ತದೆ.

ನಾಯಿ, ಬೆಕ್ಕು ಇದ್ದರೆ ಅದರ ಕೆಲಸವೇ ಮೊದಲು ಶುರುವಾಗಬೇಕು. ಮೈಕ್ರೋಚಿಪ್ ಮೊದಲು, ರೇಬಿಸ್ ಲಸಿಕೆ ಆಮೇಲೆ. ಇದು ಹಿಂದು ಮುಂದಾದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ರೇಬಿಸ್ ಅಪಾಯ ಇರುವ ದೇಶಗಳಿಂದ ಐರೋಪ್ಯ ಒಕ್ಕೂಟಕ್ಕೆ ಹೋಗಲು ಲಸಿಕೆಯಾಗಿ 30 ದಿನದ ನಂತರ ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳ ಕಾಯುವಿಕೆ. ಅಂಥ ದೇಶಗಳಿಂದ ಜಪಾನ್‌ಗೆ ಹೋಗುವುದಾದರೆ ಆ ಕಾಯುವಿಕೆ 180 ದಿನ.

9. ಇಳಿದ ಮೊದಲ ವಾರಗಳು

ಮನೆ ನೋಡದೆ ಅಡ್ವಾನ್ಸ್ ಕಳಿಸಬೇಡಿ. ಫೋಟೋ ಚೆನ್ನಾಗಿದೆ, ಬಾಡಿಗೆ ಕಡಿಮೆ, ಮಾಲೀಕರು ಊರಲ್ಲಿಲ್ಲ, ಬೀಗದಕೈ ಕೊರಿಯರ್‌ನಲ್ಲಿ ಬರುತ್ತದೆ ಅಂದರೆ ಅದು ಮೋಸ ಎಂದೇ ತಿಳಿಯಿರಿ. ಮೊದಲ ತಿಂಗಳಿಗೆ ತಾತ್ಕಾಲಿಕ ವಸತಿ ಹಿಡಿಯಿರಿ. ಹಿಡಿಯುವಾಗ ಒಂದು ಪ್ರಶ್ನೆ ಕೇಳಿ: ಈ ವಿಳಾಸದಲ್ಲಿ ನನ್ನ ಹೆಸರು ನೋಂದಾಯಿಸಬಹುದಾ? ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ, ಜಪಾನ್‌ನಲ್ಲಿ ವಾಸ ಶುರುವಾದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆಯೂ ಬ್ಯಾಂಕ್ ಖಾತೆಯೂ ತಡವಾಗುತ್ತವೆ. ಅವು ಇಲ್ಲದೆ ಸಂಬಳಕ್ಕೂ ತೊಡಕು.

ಕೈಚೀಲದಲ್ಲಿ ಒಂದೇ ಫೈಲ್ ಇಟ್ಟುಕೊಳ್ಳಿ: ಪಾಸ್‌ಪೋರ್ಟ್, ವೀಸಾ ಪತ್ರ, ಆಫರ್ ಲೆಟರ್, ವಸತಿಯ ವಿಳಾಸ, ವಿಮೆ, ಅಪೊಸ್ಟಿಲ್ ಆದ ಮೂಲ ದಾಖಲೆಗಳು, ಪಾಸ್‌ಪೋರ್ಟ್ ಅಳತೆಯ ಕೆಲವು ಫೋಟೋಗಳು. ಮೂಲ ದಾಖಲೆಗಳನ್ನು ಚೆಕ್-ಇನ್ ಲಗೇಜ್‌ಗೆ ಹಾಕಲೇಬೇಡಿ. ಸ್ಕ್ಯಾನ್ ಮಾಡಿದ ಪ್ರತಿಯನ್ನು ಮನೆಯವರಲ್ಲಿ ಒಬ್ಬರಿಗೆ ಕೊಟ್ಟಿರಿ.

ಇಳಿದ ಮೇಲೆ ಕ್ರಮ ಇದು: ಸ್ಥಳೀಯ ಸಿಮ್, ವಿಳಾಸ ನೋಂದಣಿ, ತೆರಿಗೆ ಸಂಖ್ಯೆ, ಬ್ಯಾಂಕ್, ಡಾಕ್ಟರ ಬಳಿ ಹೆಸರು ನೋಂದಣಿ, ಲೈಸೆನ್ಸ್ ಬದಲಾವಣೆ. ನಿಮ್ಮ ದೇಶದ ರಾಯಭಾರ ಕಚೇರಿಯಲ್ಲಿಯೂ ಹೆಸರು ಬರೆಸಿ. ಜೊತೆಗೆ ಬಂದ ಸಂಗಾತಿ ಇನ್ನೂ ಕೆಲಸ ಹುಡುಕುತ್ತಿದ್ದರೆ ಅವರಿಗೆ ಭಾಷಾ ತರಗತಿಯನ್ನು ಮೊದಲ ವಾರದಲ್ಲೇ ಹುಡುಕಿ. ನಿಮಗೆ ಕಚೇರಿಯಲ್ಲಿ ಜನ ಸಿಗುತ್ತಾರೆ, ಮಕ್ಕಳಿಗೆ ಶಾಲೆಯಲ್ಲಿ ಸಿಗುತ್ತಾರೆ, ಅವರಿಗೆ ಮಾತ್ರ ಯಾರೂ ತಾನಾಗಿ ಸಿಗುವುದಿಲ್ಲ.